ಡಾಂಬರು ಹೆದ್ದಾರಿಯ ಉದ್ದ ಜಾಯಿಂಟ್ ಉಳಿಸಿಕೊಳ್ಳೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೈಟಿಗೆ ಹೊಸದಾಗಿ ಬಂದ ಎಂಜಿನಿಯರ್‌ಗಳು, ತುಂಡು ಕೆಲಸ ಹಿಡಿದವರು, ದಿನಾ ಅದೇ ರಸ್ತೆಯಲ್ಲಿ ಬೈಕ್ ಓಡಿಸುವವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳು. ಪ್ರಶ್ನೆಗಳನ್ನು ಅವರ ಮಾತಲ್ಲೇ ಇಟ್ಟಿದ್ದೇನೆ. ಉದಾಹರಣೆಗಳು ನಮ್ಮ ಕಡೆಯ ಹೆದ್ದಾರಿಗಳವು. ಅಳತೆಗಳಲ್ಲಿ ಹೆಚ್ಚಿನವು ಕೇಂದ್ರ ಹೆದ್ದಾರಿ ಸಚಿವಾಲಯದ ಸ್ಪೆಸಿಫಿಕೇಷನ್ ಪುಸ್ತಕದವು, ಅಂದರೆ ಸೈಟಿನಲ್ಲಿ ಎಲ್ಲರೂ ‘ಮೋರ್ತ್’ ಅನ್ನುವ ಪುಸ್ತಕ. ಕೆಲವು ಅಮೆರಿಕದ ರಸ್ತೆ ಇಲಾಖೆಗಳ ರೂಢಿಯವು, ಯಾಕೆಂದರೆ ಈ ಒಂದು ವಿಷಯದ ಮೇಲೆ ಅವರು ತುಂಬಾ ತಲೆ ಕೆಡಿಸಿಕೊಂಡಿದ್ದಾರೆ.

## ಮೊದಲ ಪ್ರಶ್ನೆಗಳು

ಹೊಸ ರಸ್ತೆ ಮಧ್ಯೆ ಉದ್ದಕ್ಕೂ ಒಂದು ಗೆರೆ ಕಾಣುತ್ತಲ್ಲ, ಅದೇನು?

ಅದೇ ಉದ್ದ ಜಾಯಿಂಟ್. ಪೇವರ್, ಅಂದರೆ ರಸ್ತೆಗೆ ಡಾಂಬರು ಹಾಸುವ ಯಂತ್ರ, ಒಂದು ಸಲಕ್ಕೆ ಸಾಮಾನ್ಯವಾಗಿ ಒಂದು ಲೇನ್ ಅಗಲ ಹಾಕುತ್ತದೆ, ಅಂದರೆ 3.5 ಮೀಟರ್ ಆಸುಪಾಸು. ಇವತ್ತು ಒಂದು ಪಟ್ಟಿ ಹಾಕಿ, ಪಕ್ಕದ ಪಟ್ಟಿಯಲ್ಲಿ ಗಾಡಿ ಬಿಟ್ಟು, ನಾಳೆಯೋ ನಾಡಿದ್ದೋ ಆ ಕಡೆ ಹಾಕುತ್ತಾರೆ. ಎರಡು ಪಟ್ಟಿ ಸೇರುವ ಜಾಗದಲ್ಲಿ ಗೆರೆ ಉಳಿಯುತ್ತದೆ. ದಿನದ ಕೆಲಸ ನಿಂತ ಜಾಗದಲ್ಲಿ ರಸ್ತೆಗೆ ಅಡ್ಡಲಾಗಿ ಬರುವುದು ಅಡ್ಡ ಜಾಯಿಂಟ್, ಅದರ ಕಥೆ ಬೇರೆ. ಅಡ್ಡ ಜಾಯಿಂಟ್ ದಿನಕ್ಕೆ ಒಂದೋ ಎರಡೋ ಇರುತ್ತದೆ. ಉದ್ದದ್ದು ಹಾಗಲ್ಲ, ರಸ್ತೆ ಎಷ್ಟು ಕಿಲೋಮೀಟರೋ ಅದೂ ಅಷ್ಟೇ ಕಿಲೋಮೀಟರ್.

ಉಳಿದ ರಸ್ತೆಯೆಲ್ಲ ಚೆನ್ನಾಗಿದೆ, ಆ ಗೆರೆ ಮಾತ್ರ ಯಾಕೆ ಮೊದಲು ಕಿತ್ತು ಬರುತ್ತೆ?

ಅಲ್ಲಿ ಮಿಕ್ಸ್, ಅಂದರೆ ಜಲ್ಲಿ ಮತ್ತು ಡಾಂಬರಿನ ಬಿಸಿ ಮಿಶ್ರಣ, ಗಟ್ಟಿ ಕೂತಿರುವುದಿಲ್ಲ, ಅದಕ್ಕೆ. ಮೊದಲ ಪಟ್ಟಿಯನ್ನು ರೋಲ್ ಮಾಡುವಾಗ ಅದರ ಹೊರ ಅಂಚಿಗೆ ಒತ್ತಿ ಹಿಡಿಯಲು ಪಕ್ಕದಲ್ಲಿ ಏನೂ ಇರುವುದಿಲ್ಲ. ರೋಲರ್ ಒತ್ತಿದರೆ ಮಿಕ್ಸ್ ಕೆಳಕ್ಕೆ ಇಳಿಯುವ ಬದಲು ಪಕ್ಕಕ್ಕೆ ಸರಿಯುತ್ತದೆ, ಒಬ್ಬಟ್ಟು ತಟ್ಟುವಾಗ ಅಂಚು ಹರಡಿ ತೆಳ್ಳಗಾಗುವ ಹಾಗೆ. ಜೊತೆಗೆ ಅಂಚು ಬೇಗ ಆರುತ್ತದೆ. ಎರಡನೇ ಪಟ್ಟಿ ಹಾಕುವಾಗ ಇನ್ನೊಂದು ತೊಂದರೆ. ಬಿಸಿ ಮಿಕ್ಸ್ ತಣ್ಣನೆಯ ಗೋಡೆಗೆ ತಾಗಿ ಅಲ್ಲೇ ಬಿಗಿದುಕೊಳ್ಳುತ್ತದೆ, ಅಂಟಿಕೊಳ್ಳುವುದೂ ಅಷ್ಟಕ್ಕಷ್ಟೆ.

ಲೆಕ್ಕದಲ್ಲಿ ಹೇಳುವುದಾದರೆ, ಒಳಗೆ ಗಾಳಿಯೇ ಇಲ್ಲ ಅಂತ ಇಟ್ಟುಕೊಂಡಾಗ ಬರುವ ಗರಿಷ್ಠ ಡೆನ್ಸಿಟಿಯ 92%ಗಿಂತ ಕಡಿಮೆ ಇರಬಾರದು ಅಂತ ಮೋರ್ತ್ ಹೇಳುತ್ತದೆ. ಅಂದರೆ ಒಳಗಿನ ಗಾಳಿ ಸಂದು 8% ದಾಟಬಾರದು. ಪಟ್ಟಿಯ ನಡುವೆ ಈ ಮಟ್ಟ ಆರಾಮಾಗಿ ಬರುತ್ತದೆ. ಅದೇ ದಿನ, ಅದೇ ಮಿಕ್ಸ್‌ನಲ್ಲಿ, ಜಾಯಿಂಟ್ ಮೇಲೆ ಕೋರ್, ಅಂದರೆ ಪರೀಕ್ಷೆಗೆ ಕೊರೆದು ತೆಗೆಯುವ ದುಂಡು ತುಂಡು, ತೆಗೆದರೆ 10, 12% ಗಾಳಿ ಸಂದು ಸಿಗುವುದು ಅಪರೂಪವಲ್ಲ. ಸುಮಾರು 8%ವರೆಗೆ ಈ ಸಂದುಗಳು ಬಿಡಿಬಿಡಿಯಾಗಿರುತ್ತವೆ. ಅದನ್ನು ದಾಟಿದರೆ ಒಂದಕ್ಕೊಂದು ಕೂಡಿಕೊಂಡು ನೀರಿಗೆ ದಾರಿ ಆಗುತ್ತದೆ. ಮೂರ್ನಾಲ್ಕು ಶೇಕಡಾ ವ್ಯತ್ಯಾಸ ಕೇಳಲು ಸಣ್ಣದು, ಆದರೆ ನೀರು ಇಳಿಯುವ ವೇಗ ಹಲವು ಪಟ್ಟು ಏರುತ್ತದೆ.

ಡಾಂಬರು ನೀರಲ್ಲಿ ಕರಗಲ್ಲ ಅಲ್ವಾ? ನೀರು ಹೋದರೆ ಏನಾಯ್ತು?

ಕರಗುವುದಿಲ್ಲ, ಆದರೆ ಜಲ್ಲಿಯಿಂದ ಬಿಟ್ಟುಕೊಳ್ಳುತ್ತದೆ. ನಮ್ಮ ಕಡೆ ಜಲ್ಲಿ ಹೆಚ್ಚಾಗಿ ಗ್ರಾನೈಟ್ ಜಾತಿಯದು. ಗ್ರಾನೈಟಿಗೆ ಬಿಟುಮೆನ್‌ಗಿಂತ (ಅಂದರೆ ಡಾಂಬರಿಗಿಂತ) ನೀರಿನ ಮೇಲೇ ಪ್ರೀತಿ ಜಾಸ್ತಿ. ಸಂದಿನಲ್ಲಿ ನೀರು ನಿಂತಿರುವಾಗ ಮೇಲೆ ಲಾರಿ ಹೋದರೆ ಆ ನೀರು ಒತ್ತಡದಲ್ಲಿ ಒಳಗೊಳಗೇ ಓಡಾಡಿ ಪದರವನ್ನು ಸುಲಿಯುತ್ತದೆ. ಬೇಸಿಗೆಯಲ್ಲಿ ಅದೇ ಸಂದಿನಿಂದ ಗಾಳಿ ಹೋಗಿ ಬಿಟುಮೆನ್ ಒಣಗಿ ಗಡುಸಾಗುತ್ತದೆ. ಮೊದಲು ಪುಡಿ ಉದುರುತ್ತದೆ, ಆಮೇಲೆ ಜಲ್ಲಿ, ಆಮೇಲೆ ಗುಂಡಿ. ಉಡುಪಿ ಕಡೆ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಸಡಿಲ ಜಾಯಿಂಟ್ ಅಲ್ಲಿ ಒಂದೆರಡು ಮಳೆಗಾಲದಲ್ಲೇ ಬಣ್ಣ ಬಯಲು ಮಾಡುತ್ತದೆ. ಚಿತ್ರದುರ್ಗದ ಕಡೆ ಮಳೆ ಕಡಿಮೆ. ಅಲ್ಲಿ ಅದೇ ತಪ್ಪು ಕಣ್ಣಿಗೆ ಬೀಳಲು ಇನ್ನಷ್ಟು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಕಾಂಟ್ರಾಕ್ಟರನ ಹೊಣೆಯ ಅವಧಿಯೂ ಮುಗಿದಿರುತ್ತದೆ ಅನ್ನುವುದು ಬೇರೆ ಮಾತು.

ನಾನು ಸ್ಕೂಟರ್ ಓಡಿಸ್ತೀನಿ. ಲೇನ್ ಬದಲಿಸುವಾಗ ಆ ಗೆರೆಯಲ್ಲಿ ಚಕ್ರ ಎಳೆದ ಹಾಗಾಗುತ್ತೆ. ನನ್ನ ಭ್ರಮೆನಾ?

ಭ್ರಮೆ ಅಲ್ಲ. ಎರಡು ಪಟ್ಟಿಗಳ ಎತ್ತರ ಒಂದೇ ಇಲ್ಲದಿದ್ದರೆ, ಇಲ್ಲವೇ ಜಾಯಿಂಟ್ ಕಿತ್ತು ಕಾಲುವೆಯಂತಾಗಿದ್ದರೆ, ಸಣ್ಣ ಚಕ್ರ ಅದರ ಜೊತೆಯಲ್ಲೇ ಓಡಲು ನೋಡುತ್ತದೆ. ಕಾರಿನಲ್ಲಿ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಅಂಥ ಗೆರೆಯನ್ನು ಓರೆಯಾಗಿ ಸವರಿಕೊಂಡು ದಾಟಬೇಡಿ. ವೇಗ ಇಳಿಸಿ, ಸ್ವಲ್ಪ ಜಾಸ್ತಿ ಕೋನದಲ್ಲಿ ಒಂದೇ ಸಲ ದಾಟಿ. ಮಳೆಯಲ್ಲಿ ಇನ್ನೂ ಹುಷಾರು, ಬಿರುಕು ತುಂಬಲು ಮೇಲೆ ದಪ್ಪಗೆ ಬಳಿದ ಕಪ್ಪು ಪಟ್ಟಿ ಜಾರುತ್ತದೆ.

ರಸ್ತೆಯಲ್ಲಿ ಉದ್ದಕ್ಕೆ ಬಂದ ಬಿರುಕೆಲ್ಲ ಜಾಯಿಂಟ್ ತಪ್ಪೇನಾ?

ಅಲ್ಲ. ಮದ್ದು ಬೇರೆ ಬೇರೆ ಇರುವುದರಿಂದ ಇದನ್ನು ಮೊದಲು ಗುರುತಿಸಬೇಕು. ಹಗ್ಗ ಹಿಡಿದು ಎಳೆದ ಹಾಗೆ ನೇರವಾಗಿ, ಲೇನ್ ಗೆರೆಯ ಹತ್ತಿರವೇ ಓಡುವ ಬಿರುಕು ಜಾಯಿಂಟಿನದು. ಚಕ್ರ ಓಡುವ ಜಾಡಿನಲ್ಲೇ ಬಂದು ಆಮೇಲೆ ಕವಲೊಡೆದು ಮೊಸಳೆ ಚರ್ಮದಂತಾದರೆ ಅದು ಭಾರ ತಾಳದ ರಸ್ತೆ, ಜಾಯಿಂಟ್ ಬಿಟ್ಟು ದಪ್ಪದ ಲೆಕ್ಕ ನೋಡಿ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಎರೆಮಣ್ಣಿನ ನೆಲದಲ್ಲಿ ಇನ್ನೊಂದು ಬಗೆ ಇದೆ. ಬೇಸಿಗೆಯಲ್ಲಿ ರಸ್ತೆ ಅಂಚಿನ ಮಣ್ಣು ಒಣಗಿ ಕುಗ್ಗಿ, ಡಾಂಬರಿನ ಅಂಚಿನಿಂದ ಸ್ವಲ್ಪ ಒಳಗೆ ಹಾವಿನಂತೆ ಸೊಟ್ಟಸೊಟ್ಟ ಬಿರುಕು ಬಿಡುತ್ತದೆ. ಕೈ ತೂರುವಷ್ಟು ಅಗಲವೂ ಆಗಬಹುದು. ಜಾಯಿಂಟಿಗೆ ಏನು ಬಳಿದರೂ ಅದು ನಿಲ್ಲುವುದಿಲ್ಲ, ಅಲ್ಲಿ ಮಣ್ಣಿನ ಕೆಲಸ ಆಗಬೇಕು.

ಜಾಯಿಂಟೇ ಇಲ್ಲದ ಹಾಗೆ ರಸ್ತೆ ಹಾಕೋಕೆ ಆಗಲ್ವಾ?

ಆಗುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಒಂದು ದಾರಿ ಅಂದರೆ ಇಡೀ ಅಗಲವನ್ನು ಒಂದೇ ದೊಡ್ಡ ಪೇವರ್‌ನಲ್ಲಿ ಹಾಕುವುದು. ನಮ್ಮ ನಾಲ್ಕು ಲೇನ್ ಹೆದ್ದಾರಿಗಳಲ್ಲಿ ಒಂದು ಬದಿಯ ಪೂರ್ತಿ ಅಗಲ ಹೀಗೆ ಹಾಕಿದ್ದುಂಟು. ಇನ್ನೊಂದು, ಎರಡು ಪೇವರ್‌ಗಳನ್ನು ಓರೆಯಾಗಿ ಒಂದರ ಹಿಂದೆ ಒಂದು ಓಡಿಸುವುದು. ಮೊದಲ ಪಟ್ಟಿಯ ಅಂಚಿನಲ್ಲಿ ಸುಮಾರು 150 ಮಿ.ಮೀ. ರೋಲ್ ಮಾಡದೆ ಬಿಟ್ಟು, ಎರಡನೇ ಪೇವರ್ ಹಾಕಿದ ಮೇಲೆ ಎರಡನ್ನೂ ಕೂಡಿಸಿ ರೋಲ್ ಮಾಡಿದರೆ ಜಾಯಿಂಟ್ ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಚೆನ್ನಾಗಿ ಕೂಡುತ್ತದೆ. ಎರಡಕ್ಕೂ ಪ್ಲಾಂಟ್‌ನಿಂದ ಮಿಕ್ಸ್ ತಪ್ಪದೆ ಬರಬೇಕು, ಟಿಪ್ಪರ್ ಸಾಲಬೇಕು, ಮುಖ್ಯವಾಗಿ ಆ ಬದಿಯಲ್ಲಿ ಗಾಡಿ ಓಡಾಟ ಇರಬಾರದು. ಹೊಸ ಬೈಪಾಸಿನಲ್ಲಿ ಸಾಧ್ಯ. ಓಡುತ್ತಿರುವ ಎರಡು ಲೇನ್ ರಸ್ತೆಯಲ್ಲಿ ಕನಸು.

2021ರ ಫೆಬ್ರುವರಿಯಲ್ಲಿ ಸೊಲ್ಲಾಪುರ–ವಿಜಯಪುರ ಹೆದ್ದಾರಿಯಲ್ಲಿ 25.54 ಕಿ.ಮೀ. ಉದ್ದದ ಒಂದು ಲೇನನ್ನು 18 ಗಂಟೆಯಲ್ಲಿ ಹಾಕಿದ ಸುದ್ದಿ ನೆನಪಿರಬಹುದು. ‘ಅದರಲ್ಲಿ ಜಾಯಿಂಟೇ ಇಲ್ಲ ಅಲ್ವಾ’ ಅಂತ ಕೇಳುತ್ತಾರೆ. ನಿಲ್ಲಿಸದೆ ಹಾಕಿದರೆ ಕಡಿಮೆ ಆಗುವುದು ಅಡ್ಡ ಜಾಯಿಂಟ್. ಒಂದೇ ಲೇನ್ ಹಾಕಿದಲ್ಲಿ ಅದರ ಅಂಚು ಪಕ್ಕದ ಲೇನಿಗಾಗಿ ಕಾಯುತ್ತಲೇ ಇರುತ್ತದೆ.

## ಹಾಕುವ ದಿನದ ಪ್ರಶ್ನೆಗಳು

ಜಾಯಿಂಟ್ ಎಲ್ಲಿ ಬರಬೇಕು ಅಂತ ಯಾರು ತೀರ್ಮಾನ ಮಾಡೋದು? ಪೇವರ್ ಅಗಲ ಎಷ್ಟು ಸಿಗುತ್ತೋ ಅಲ್ಲೇ ಅಲ್ವಾ?

ಹಾಗೆ ಬಿಟ್ಟರೆ ಜಾಯಿಂಟ್ ಚಕ್ರದ ಜಾಡಿನಲ್ಲಿ ಬಂದು ಕೂರುತ್ತದೆ. ಅದು ಮಾತ್ರ ಆಗಬಾರದು. ಮೇಲಿನ ಪದರದಲ್ಲಿ ಜಾಯಿಂಟ್ ಲೇನ್ ಅಂಚಿಗೋ ಲೇನ್ ಗೆರೆಗೋ ಸರಿಯಾಗಿ ಬರಬೇಕು ಅಂತ ಮೋರ್ತ್‌ನಲ್ಲೇ ಇದೆ. ಕೆಳಗಿನ ಪದರದ ಜಾಯಿಂಟ್‌ನಿಂದ ಕನಿಷ್ಠ 300 ಮಿ.ಮೀ. ಪಕ್ಕಕ್ಕೂ ಇರಬೇಕು. ಇಲ್ಲದಿದ್ದರೆ ಮೇಲೆ ಇಳಿದ ನೀರಿಗೆ ಕೆಳಗಡೆಯೂ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ. ಆದ್ದರಿಂದ ಡಿಬಿಎಂ, ಅಂದರೆ ಮೇಲಿನ ಪದರದ ಕೆಳಗೆ ಬರುವ ದಪ್ಪ ಡಾಂಬರು ಪದರ, ಹಾಕುವ ಮೊದಲೇ ಎಲ್ಲ ಪದರಗಳ ಜಾಯಿಂಟ್‌ಗಳನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮೇಲಿನ ಬಿಸಿ ಪದರದಿಂದ ಶುರು ಮಾಡಿ ಕೆಳಕ್ಕೆ ಲೆಕ್ಕ ಹಾಕಿ. ಕೆಳಗಿಂದ ಮೇಲಕ್ಕೆ ಹಾಕಿದರೆ ಕೊನೆಗೆ ಎಲ್ಲೋ ಸಿಕ್ಕಿಕೊಳ್ಳುತ್ತೀರಿ. ಬಿಸಿ ಪದರ ಅಂದದ್ದು ಬಿಟುಮಿನಸ್ ಕಾಂಕ್ರೀಟ್‌ಗೆ ಸೈಟಿನವರು ಕರೆಯುವ ‘ಬಿಸಿ’, ಬಿಸಿಲಿನ ಬಿಸಿ ಅಲ್ಲ!

ಇಳಿಜಾರು ಒಂದೇ ಕಡೆಗಿರುವ ತಿರುವುಗಳಲ್ಲಿ ತಗ್ಗಿನ ಕಡೆಯ ಪಟ್ಟಿ ಮೊದಲು, ಎತ್ತರದ್ದು ಆಮೇಲೆ. ಆಗ ಮೇಲಿನ ಪಟ್ಟಿಯ ಮಿಕ್ಸ್ ಕೆಳಗಿನದರ ಮೇಲೆ ಚಾಚಿಕೊಂಡು ನೀರನ್ನು ದಾಟಿಸುತ್ತದೆ.

ಮೊದಲ ಪಟ್ಟಿಯ ಬೋಳು ಅಂಚನ್ನು ರೋಲ್ ಮಾಡೋದು ಹೇಗೆ? ಆಪರೇಟರ್ ಅಂಚಿಗೆ ಬರೋಕೇ ಹೆದರ್ತಾನೆ.

ಹೆದರಿ ಒಳಗೇ ಉಳಿದರೆ ಅಂಚು ಸಡಿಲ ಉಳಿಯುತ್ತದೆ, ಡ್ರಮ್ಮಿನ ತುದಿ ಓಡಿದ ಕಡೆ ಬಿರುಕೂ ಬರುತ್ತದೆ. ಸ್ಟೀಲ್ ಡ್ರಮ್ ಅಂಚಿನಿಂದ ಹೊರಗೆ ಸುಮಾರು 150 ಮಿ.ಮೀ. ಚಾಚಿರುವಂತೆ ಮೊದಲ ಪಾಸ್ ಓಡಿಸಿ. ಆಗ ಒತ್ತಡ ನೇರ ಕೆಳಕ್ಕೆ ಬೀಳುತ್ತದೆ. ಟೈರ್ ರೋಲರನ್ನು ಬೋಳು ಅಂಚಿನ ಹತ್ತಿರ ತರಬೇಡಿ, ಅದು ಮಿಕ್ಸ್ ಅನ್ನು ಹೊರಕ್ಕೆ ನೂಕುತ್ತದೆ.

ರೋಲರ್ ಬರುವ ಮೊದಲು ಪೇವರ್ ಕೆಲಸವೂ ಸರಿ ಇರಬೇಕು. ಪೇವರ್ ಹಿಂದೆ ಮಿಕ್ಸ್ ಸಮ ಮಾಡುವ ಸ್ಕ್ರೀಡಿನ ಪಕ್ಕದ ತಟ್ಟೆ, ಅಂದರೆ ಎಂಡ್ ಗೇಟ್, ನೆಲಕ್ಕೆ ತಾಗಿಕೊಂಡೇ ಇರಬೇಕು. ಆಗರ್, ಅಂದರೆ ಮಿಕ್ಸ್ ಅನ್ನು ಪಕ್ಕಕ್ಕೆ ಹರಡುವ ತಿರುಪು, ಎಂಡ್ ಗೇಟ್‌ನಿಂದ 300–450 ಮಿ.ಮೀ. ಒಳಗಿನವರೆಗೂ ಚಾಚಿರಬೇಕು. ಅದು ಗಿಡ್ಡವಾದರೆ ದಪ್ಪ ಜಲ್ಲಿ ಮಾತ್ರ ಉರುಳಿಕೊಂಡು ಅಂಚಿಗೆ ಹೋಗುತ್ತದೆ. ಇನ್ನು ನೇರ. ದಾರ ಕಟ್ಟಿ ಅಥವಾ ಸುಣ್ಣದ ಗೆರೆ ಹಾಕಿ ಪೇವರ್ ಓಡಿಸಿ. ಮೊದಲ ಪಟ್ಟಿಯ ಅಂಚು ಸೊಟ್ಟ ಆದರೆ ಎರಡನೇ ಪಟ್ಟಿ ಒಂದು ಕಡೆ ಜಾಸ್ತಿ ಹತ್ತುತ್ತದೆ, ಇನ್ನೊಂದು ಕಡೆ ಮುಟ್ಟುವುದೇ ಇಲ್ಲ.

ಎರಡನೇ ಪಟ್ಟಿ ಹಾಕುವ ಮೊದಲು ಮೊದಲ ಪಟ್ಟಿಯ ಸಡಿಲ ಅಂಚನ್ನು ಕತ್ತರಿಸಿ ಬಿಸಾಕಿ ಅಂತೀರಿ. ಅಷ್ಟೊಂದು ಮಿಕ್ಸ್ ನಷ್ಟ ಆಗಲ್ವಾ?

ಹೆಚ್ಚು ಜಗಳ ಆಗುವುದು ಈ ಪ್ರಶ್ನೆಗೇ. ಹಾಗಾಗಿ ಲೆಕ್ಕ ಹಾಕೋಣ. ಪದರದ ದಪ್ಪ ಎಷ್ಟೋ ಅಷ್ಟು ಅಗಲ ಕತ್ತರಿಸಿ ನೆಟ್ಟಗಿನ ಮುಖ ಮಾಡಿ ಅನ್ನುತ್ತದೆ ಮೋರ್ತ್. 50 ಮಿ.ಮೀ. ಪದರಕ್ಕೆ 50 ಮಿ.ಮೀ. ಅಗಲ ಅಂದರೆ ಕಿಲೋಮೀಟರಿಗೆ 2.5 ಘನ ಮೀಟರ್, ತೂಕದಲ್ಲಿ ಸುಮಾರು 6 ಟನ್. ಅದೇ ಕಿಲೋಮೀಟರಿಗೆ 3.5 ಮೀಟರ್ ಅಗಲದ ಪಟ್ಟಿಗೆ ಹಾಕಿದ ಮಿಕ್ಸ್ 175 ಘನ ಮೀಟರ್, ಅಂದರೆ 400 ಟನ್‌ಗಿಂತ ಮೇಲೆ. ಒಂದೂವರೆ ಶೇಕಡಾ ಕೂಡ ಆಗಲಿಲ್ಲ. ಅದೂ ಪೂರ್ತಿ ನಷ್ಟ ಅಲ್ಲ, ಪ್ಲಾಂಟ್‌ನಲ್ಲಿ ಹಳೇ ಮಿಕ್ಸ್ ಬಳಸುವ ವ್ಯವಸ್ಥೆ ಇದ್ದರೆ ವಾಪಸ್ ಹೋಗುತ್ತದೆ.

ಎಲ್ಲಿ ಕೆಲಸ ಕೆಡುತ್ತದೆ ಅಂದರೆ ಹೊತ್ತಿನಲ್ಲಿ. ಮಿಕ್ಸ್ ಇನ್ನೂ ಬೆಚ್ಚಗಿರುವಾಗ ರೋಲರ್‌ಗೆ ಕತ್ತರಿಸುವ ಚಕ್ರ ಸಿಕ್ಕಿಸಿಕೊಂಡು ಓಡಿಸಿದರೆ ಸಲೀಸಾಗಿ ನೇರ ಮುಖ ಬರುತ್ತದೆ. ಮರುದಿನ ಬ್ರೇಕರ್ ಹಿಡಿದು ಒಡೆದರೆ ಕತ್ತರಿಸಿದ್ದಕ್ಕಿಂತ ಅಲ್ಲಾಡಿಸಿದ್ದೇ ಜಾಸ್ತಿ, ಒಳಗಿನ ಒಳ್ಳೆಯ ಮಿಕ್ಸ್ ಕೂಡ ಸಡಿಲ ಆಗುತ್ತದೆ. ಹೊತ್ತು ಮೀರಿದ್ದರೆ ಗರಗಸದ ಯಂತ್ರ ತನ್ನಿ. ನನ್ನ ಮಟ್ಟಿಗೆ, ಓಡುತ್ತಿರುವ ರಸ್ತೆಯಲ್ಲಿ ಅರ್ಧರ್ಧ ಹಾಕುವ ಕೆಲಸಕ್ಕೆ ಇದನ್ನು ಮೀರಿಸಿದ ಉಪಾಯ ಇಲ್ಲ. ಸಡಿಲ ಭಾಗವನ್ನು ಹೇಗೋ ಗಟ್ಟಿ ಮಾಡುವುದಕ್ಕಿಂತ ಅದನ್ನು ತೆಗೆದೇ ಹಾಕುವುದು ಸುಲಭ.

ಕತ್ತರಿಸಿದ ಮುಖಕ್ಕೆ ಟ್ಯಾಕ್ ಕೋಟ್ ಎಮಲ್ಷನ್ ಸಾಕಾ?

ಟ್ಯಾಕ್ ಕೋಟ್ ಅಂದರೆ ಹೊಸ ಪದರ ಅಂಟಲಿ ಅಂತ ಮೊದಲು ಹೊಡೆಯುವ, ನೀರು ಬೆರೆತ ಡಾಂಬರು. ಅದನ್ನು ನೆಲಕ್ಕೆ ಹೊಡೆಯುವಾಗ ಬದಿಗೆ ಒಂದಿಷ್ಟು ಚಿಮುಕಿಸಿದರೆ ಸಾಲದು. ಹಳೇ ಡಾಂಬರಿನ ಮೇಲೆ ಟ್ಯಾಕ್ ಕೋಟ್ ಚದರ ಮೀಟರಿಗೆ 0.20 ರಿಂದ 0.30 ಕಿಲೋ. ಅದರಲ್ಲಿ ನೀರೂ ಇರುತ್ತದೆ. ನೀರು ಆರಿದ ಮೇಲೆ ನೆಟ್ಟಗಿನ ಮುಖದಲ್ಲಿ ಉಳಿಯುವುದು ತೆಳ್ಳನೆಯ ಕಪ್ಪು ಪೊರೆ ಅಷ್ಟೇ. ಅಲ್ಲಿಗೆ ಬಿಸಿ ಬಿಟುಮೆನ್ ಬ್ರಷ್‌ನಿಂದ ಪೂರ್ತಿ ಮುಚ್ಚುವಂತೆ ಬಳಿಯಬೇಕು. ಇಲ್ಲವೇ ತಣ್ಣಗೆ ಬಳಿಯುವ ಬಿಟುಮೆನ್, ಅಥವಾ ಕನಿಷ್ಠ 2 ಮಿ.ಮೀ. ದಪ್ಪದ ಅಂಟು ಬಿಟುಮೆನ್ ಟೇಪ್. ಮೂರಕ್ಕೂ ಮೋರ್ತ್ ಒಪ್ಪಿಗೆ ಇದೆ. 50 ಮಿ.ಮೀ. ಮುಖ ಅಂದರೆ ಕಿಲೋಮೀಟರಿಗೆ 50 ಚದರ ಮೀಟರ್. ಚದರ ಮೀಟರಿಗೆ ಒಂದು ಕಿಲೋ ಧಾರಾಳವಾಗಿ ಬಳಿದರೂ 50 ಕಿಲೋ ಬಿಟುಮೆನ್, ಒಂದು ಡ್ರಮ್ಮೂ ಖಾಲಿ ಆಗುವುದಿಲ್ಲ. ಬಳಿಯುವ ಮೊದಲು ಧೂಳು ಊದಿ. ಧೂಳಿನ ಮೇಲೆ ಬಳಿದರೆ ಅದು ಧೂಳಿಗೆ ಅಂಟುತ್ತದೆ, ಮುಖಕ್ಕಲ್ಲ.

ಎರಡನೇ ಪಟ್ಟಿ ಎಷ್ಟು ಮೇಲೆ ಹತ್ತಬೇಕು? ನಮ್ಮ ಹುಡುಗರು ರೇಕ್ ಹಿಡಿದು ಎಲ್ಲ ಎಳೆದು ನೀಟ್ ಮಾಡ್ತಾರೆ.

ಆ ನೀಟ್ ಕೆಲಸವೇ ಜಾಯಿಂಟ್ ಕೆಡಿಸುವುದು. ಕತ್ತರಿಸದ ಅಂಚಿಗೆ 25 ರಿಂದ 40 ಮಿ.ಮೀ., ಕತ್ತರಿಸಿದ ನೇರ ಮುಖಕ್ಕೆ 12 ಮಿ.ಮೀ. ಆಸುಪಾಸು ಮೇಲೆ ಹತ್ತಿದರೆ ಸಾಕು. ಅಷ್ಟು ಸರಿಯಾಗಿ ಬಿದ್ದರೆ ರೇಕ್ ಮುಟ್ಟಿಸಲೇಬೇಡಿ. ಜಾಯಿಂಟ್‌ನಲ್ಲಿ ತುಂಬಿಕೊಳ್ಳಬೇಕಾದ ಮಿಕ್ಸ್ ಅದು. ಅದನ್ನು ಎಳೆದು ಬಿಸಿ ಪಟ್ಟಿಯ ಮೇಲೆ ಎರಚಿದರೆ ಜಾಯಿಂಟ್‌ನಲ್ಲಿ ಮಾಲು ಕಡಿಮೆ ಬೀಳುತ್ತದೆ. ಎರಚಿದ ದಪ್ಪ ಜಲ್ಲಿ ಮೇಲ್ಮೈಯಲ್ಲಿ ಒರಟಾಗಿ ಕೂರುತ್ತದೆ. ಒಂದೇ ಹೊಡೆತಕ್ಕೆ ಎರಡು ಹಾಳು. ಜಾಸ್ತಿ ಹತ್ತಿದ್ದರೆ ಹೆಚ್ಚಾದದ್ದನ್ನು ಸಲಿಕೆಯಲ್ಲಿ ಎತ್ತಿ ತೆಗೆಯಿರಿ, ಉಳಿದದ್ದನ್ನು ಜಾಯಿಂಟ್ ಕಡೆಗೆ ಮೆಲ್ಲಗೆ ನೂಕಿ, ಅಷ್ಟೇ.

ಎರಡೂ ಪಟ್ಟಿ ಒಂದೇ ಮಟ್ಟಕ್ಕೆ ಬರೋ ಹಾಗೆ ಹಾಕಿದ್ವಿ, ಆದರೂ ಹೊಸದು ತಗ್ಗಾಯ್ತು. ಯಾಕೆ?

ಸಡಿಲ ಮಿಕ್ಸ್ ರೋಲ್ ಆದ ಮೇಲೆ ಇಳಿಯುತ್ತದೆ. ಗಟ್ಟಿಯಾದ 25 ಮಿ.ಮೀ.ಗೆ ಸುಮಾರು 6 ಮಿ.ಮೀ. ಹೆಚ್ಚು ಬಿಡಬೇಕು. 50 ಮಿ.ಮೀ. ಬೇಕಿದ್ದರೆ ಪೇವರ್ ಹಿಂದೆ 62 ಇರಬೇಕು. ಕೊನೆಗೆ ಹೊಸ ಪಟ್ಟಿ ಹಳೆಯದಕ್ಕಿಂತ ಒಂದು ಕೂದಲು ಎತ್ತರ, 3 ಮಿ.ಮೀ.ನಷ್ಟು, ಉಳಿದರೆ ಒಳ್ಳೆಯದು. ಹೊಸದು ತಗ್ಗಾದರೆ ಡ್ರಮ್ಮಿನ ಭಾರವನ್ನೆಲ್ಲ ಗಟ್ಟಿಯಾದ ಹಳೇ ಪಟ್ಟಿಯೇ ಹೊತ್ತುಕೊಳ್ಳುತ್ತದೆ. ಹೊಸ ಮಿಕ್ಸ್‌ಗೆ ಒತ್ತಡವೇ ಸಿಗುವುದಿಲ್ಲ. ಎಷ್ಟು ಪಾಸ್ ಹೊಡೆದರೂ ಅಷ್ಟೇ.

ಜಾಯಿಂಟನ್ನು ಹಳೇ ಕಡೆಯಿಂದ ರೋಲ್ ಮಾಡೋದಾ, ಹೊಸ ಕಡೆಯಿಂದಾ?

ಹೊಸ ಕಡೆಯಿಂದ. ಡ್ರಮ್ ಪೂರ್ತಿ ಬಿಸಿ ಪಟ್ಟಿಯ ಮೇಲಿದ್ದು, 100–150 ಮಿ.ಮೀ. ಮಾತ್ರ ಹಳೇ ಪಟ್ಟಿಯ ಮೇಲೆ ಚಾಚಲಿ. ಹಳೇ ಕಡೆಯಿಂದ ಮಾಡುವ ರೂಢಿ ಇನ್ನೂ ಇದೆ, ಆದರೆ ಅದರಲ್ಲಿ ಡ್ರಮ್ಮಿನ ಬಹುಪಾಲು ಆಗಲೇ ಗಟ್ಟಿಯಾದ ಜಾಗದ ಮೇಲೆ ಸುಮ್ನೆ ಓಡುತ್ತದೆ, ಅಷ್ಟು ಹೊತ್ತಿಗೆ ಈ ಕಡೆ ಮಿಕ್ಸ್ ಆರುತ್ತದೆ. ಮಿಕ್ಸ್ ಮೆತ್ತಗಿದ್ದು ಜರುಗುತ್ತಿದ್ದರೆ ಮೊದಲ ಪಾಸ್ ಜಾಯಿಂಟ್‌ನಿಂದ 150–200 ಮಿ.ಮೀ. ಬಿಟ್ಟು ಹೊಡೆದು, ಆ ಬಿಟ್ಟ ಪಟ್ಟಿಯನ್ನು ಎರಡನೇ ಪಾಸ್‌ನಲ್ಲಿ ಜಾಯಿಂಟ್‌ಗೆ ಒತ್ತುವುದೂ ನಡೆಯುತ್ತದೆ. ಯಾವ ಕ್ರಮವೇ ಆಗಲಿ, ಪೇವರ್ ಹಿಂದೆ ಮೊದಲು ರೋಲ್ ಆಗಬೇಕಾದ್ದು ಜಾಯಿಂಟ್, ಆಮೇಲೆ ಉಳಿದದ್ದು.

ರಾತ್ರಿ ಕೆಲಸ ಮಾಡಿದರೆ ಜಾಯಿಂಟ್ ಹಾಳಾಗುತ್ತಾ?

ರಾತ್ರಿಯಿಂದ ಅಲ್ಲ, ತಣ್ಣಗಾಗುವುದರಿಂದ. ವಿಜಿ–30 ದರ್ಜೆಯ ಬಿಟುಮೆನ್ ಮಿಕ್ಸ್ ಹಾಸುವಾಗ ಕನಿಷ್ಠ 140 ಡಿಗ್ರಿ, ರೋಲಿಂಗ್ ಮುಗಿಯುವವರೆಗೂ 90ಕ್ಕಿಂತ ಮೇಲೆ ಇರಬೇಕು. ವಿಜಿ–40ಕ್ಕೆ 150 ಮತ್ತು 100. ಥರ್ಮಾಮೀಟರನ್ನು ಪಟ್ಟಿಯ ನಡುವೆ ಚುಚ್ಚಿ ‘ಸರಿ ಇದೆ’ ಅಂತ ಬರೆದುಕೊಳ್ಳುತ್ತಾರೆ, ಅಂಚಿನಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ. ಅಂಚಿನಲ್ಲೂ ಚುಚ್ಚಿ. ಗಂಟೆಗೆ 40 ಕಿ.ಮೀ. ಮೀರಿದ ಗಾಳಿಯಲ್ಲಿ ಕೆಲಸ ನಿಲ್ಲಿಸಬೇಕು ಅಂತ ನಿಯಮ ಇರುವುದೂ ಇದಕ್ಕೇ. ಗದಗ, ಚಿತ್ರದುರ್ಗ ಕಡೆ ಗಾಳಿಯಂತ್ರ ನಿಲ್ಲಿಸಿರುವ ಬಯಲಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಜೆಗೆ ಗಾಡಿ ಬಿಡಲೇಬೇಕು. 50 ಮಿ.ಮೀ. ಅಂಚು ಹಾಗೇ ಬಿಟ್ಟರೆ ಬೈಕ್‌ನವರು ಬೀಳ್ತಾರೆ.

ಬೀಳುತ್ತಾರೆ, ಅದರಲ್ಲಿ ಅನುಮಾನ ಬೇಡ. ಮೊದಲ ಆಯ್ಕೆ, ಒಂದು ಪಟ್ಟಿಯನ್ನು ಮೈಲುಗಟ್ಟಲೆ ಮುಂದೆ ಒಯ್ಯದೆ ಪಕ್ಕದ ಪಟ್ಟಿಯನ್ನೂ ಅದೇ ದಿನ ಇಲ್ಲವೇ ಮರುದಿನ ಸೇರಿಸುವುದು. ಇನ್ನೊಂದು, ಅಂಚನ್ನು ಇಳಿಜಾರು ಮಾಡಿ ಹಾಕುವುದು. ಅಮೆರಿಕದ ಮಿಷಿಗನ್ ಕಡೆ ಮೇಲೆ 12 ಮಿ.ಮೀ.ನಷ್ಟು ನೆಟ್ಟಗಿನ ಮೆಟ್ಟಿಲು, ಅದರ ಕೆಳಗೆ 12ಕ್ಕೆ 1ರಂತೆ ಉದ್ದ ಇಳಿಜಾರು ಬಿಡುವ ಪದ್ಧತಿ ಇದೆ. ಗಾಡಿ ಹತ್ತಿ ಇಳಿಯಬಹುದು, ಜಾಯಿಂಟ್‌ಗೂ ಹಿಡಿತ ಇರುತ್ತದೆ. ಆದರೆ ಇಳಿಜಾರಿನ ಭಾಗವನ್ನೂ ಸಣ್ಣ ರೋಲರ್‌ನಲ್ಲಿ ಒತ್ತಬೇಕು. ಮರುದಿನ ಅದರ ಮೇಲಿನ ಕೆಸರು ತೆಗೆದು ಟ್ಯಾಕ್ ಕೋಟ್ ಹೊಡೆಯಬೇಕು. ಬೋರ್ಡ್, ಕೋನ್, ದೀಪಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕ, ಅಂದರೆ ಐಆರ್‌ಸಿ ಎಸ್‌ಪಿ 55 ನೋಡಿ. ಅದನ್ನು ಬಿಟ್ಟು ಎರಡು ಕಲ್ಲಿಗೆ ಸುಣ್ಣ ಬಳಿದಿಟ್ಟರೆ ಕೇಸ್ ಆದ ದಿನ ಯಾರೂ ನಿಮ್ಮ ಪರ ನಿಲ್ಲುವುದಿಲ್ಲ.

## ಪರೀಕ್ಷೆ, ಆಮೇಲಿನ ಆರೈಕೆ

ಕೋರ್ ರಿಪೋರ್ಟ್ ಎಲ್ಲ ಪಾಸ್. ಆದರೂ ಜಾಯಿಂಟ್ ಕಿತ್ತು ಬಂತು. ಹೇಗೆ?

ಕೋರ್ ಎಲ್ಲಿ ತೆಗೆದರು ಅಂತ ಕೇಳಿ. ಬಹುತೇಕ ಪಟ್ಟಿಯ ನಡುವೆ ಇರುತ್ತದೆ. ಜಾಯಿಂಟ್ ಮೇಲೆ ತೆಗೆದರೆ ಫೇಲ್ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ಅಲ್ಲಿ ಯಂತ್ರ ಇಡುವುದಿಲ್ಲ. ಅಳೆಯದ ಕಡೆ ಯಾರೂ ಮೈ ಬಗ್ಗಿಸಿ ಕೆಲಸ ಮಾಡುವುದಿಲ್ಲ, ಅದು ಮನುಷ್ಯ ಸ್ವಭಾವ. ಅಮೆರಿಕದ ಹಲವು ರಾಜ್ಯಗಳು ಜಾಯಿಂಟ್‌ಗೆ ಬೇರೆಯೇ ಮಿತಿ ಇಟ್ಟಿವೆ. ಪಟ್ಟಿಗೆ 92% ಇದ್ದರೆ ಜಾಯಿಂಟ್‌ಗೆ 90% ಅನ್ನುವಂತೆ ಎರಡು ಶೇಕಡಾ ಸಡಿಲ ಕೊಟ್ಟು, ಅದನ್ನು ಮುಟ್ಟಿದರೆ ಬೋನಸ್, ತಪ್ಪಿದರೆ ಕಡಿತ. ಈ ಪದ್ಧತಿ ನನಗೆ ಇಷ್ಟ. 92 ಬೇಕೇ ಬೇಕು ಅಂತ ಹಟ ಹಿಡಿದರೆ ಸುಳ್ಳು ರಿಪೋರ್ಟ್ ಬರುತ್ತದೆ. 90 ಕೇಳಿದರೆ ನಿಜವಾದ 90 ಬರುವ ಸಾಧ್ಯತೆ ಇದೆ.

ಎರಡು ಪಟ್ಟಿ ಬೇರೆ ಬೇರೆ ದಿನದ ಮಿಕ್ಸ್ ಆಗಿದ್ದರೆ ಗರಿಷ್ಠ ಡೆನ್ಸಿಟಿಗೆ ಎರಡರ ಸರಾಸರಿ ಹಿಡಿಯಿರಿ. ಇಳಿಜಾರು ಅಂಚಿನ ಜಾಯಿಂಟ್ ಆದರೆ ಕೋರ್ ಅನ್ನು ಮೇಲಿನ ಗೆರೆಯ ಮೇಲಲ್ಲ, ಇಳಿಜಾರಿನ ನಡುಭಾಗಕ್ಕೆ ಸರಿಸಿ ತೆಗೆಯಬೇಕು. ಇಲ್ಲದಿದ್ದರೆ ಅರ್ಧ ಹಳೇದು ಅರ್ಧ ಹೊಸದು ಬರುವುದಿಲ್ಲ.

ಕೋರ್ ಇಲ್ಲದೆ ಕಣ್ಣಲ್ಲೇ ಗೊತ್ತಾಗುತ್ತಾ?

ಮಳೆ ನಿಂತ ಮೇಲೆ ಹೋಗಿ ನೋಡಿ. ರಸ್ತೆಯೆಲ್ಲ ಒಣಗಿ ಜಾಯಿಂಟ್ ಮಾತ್ರ ಕಪ್ಪಗೆ ಒದ್ದೆಯಾಗಿ ಉಳಿದಿದ್ದರೆ ಅಲ್ಲಿ ನೀರು ಒಳಗೆ ಹೋಗಿ ಕೂತಿದೆ ಅಂತ ಅರ್ಥ. ಖರ್ಚಿಲ್ಲದ ಪರೀಕ್ಷೆ. ಎಷ್ಟೋ ಸಲ ರಿಪೋರ್ಟ್‌ಗಿಂತ ಇದನ್ನೇ ನಂಬಬಹುದು. ಫೋಟೋ ತೆಗೆದು ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲಿ ಬರೆದಿಟ್ಟರೆ ಮೊದಲು ಎಲ್ಲಿ ಸೀಲ್ ಮಾಡಬೇಕು ಅನ್ನುವ ಪಟ್ಟಿ ತಾನೇ ಸಿದ್ಧ.

ಜಾಯಿಂಟ್ ಸ್ವಲ್ಪ ಸಡಿಲ ಇದೆ, ಬಿರುಕು ಇನ್ನೂ ಬಂದಿಲ್ಲ. ಮೇಲೆ ಏನಾದರೂ ಬಳಿಯಬಹುದಾ?

ತೆಳುವಾದ ಎಮಲ್ಷನ್ನನ್ನು ಜಾಯಿಂಟ್ ಮೇಲೆ ಒಂದು ಅಡಿ ಅಗಲಕ್ಕೆ ಹೊಡೆದರೆ ಮೇಲಿನ ಸಂದುಗಳು ಮುಚ್ಚಿಕೊಳ್ಳುತ್ತವೆ. ಕೆಲವು ವರ್ಷ ಎಳೆಯಬಹುದು. ಲೇನ್ ಗೆರೆ ಬಳಿಯುವ ಮೊದಲು ಮಾಡಿ. ಜಾಸ್ತಿ ಹೊಡೆದರೆ ಮೇಲೆ ಎಣ್ಣೆಯಂತೆ ನಿಂತು ಜಾರುತ್ತದೆ. ಹೀರಿಕೊಳ್ಳುವಷ್ಟೇ ಹೊಡೆದು, ಬೇಕಿದ್ದರೆ ಸಣ್ಣ ಮರಳು ಉದುರಿಸಿ. ಆದರೆ ಇದರಿಂದ ಒಳಗಿನ ಡೆನ್ಸಿಟಿ ಏರುವುದಿಲ್ಲ.

ಬಿರುಕು ಬಿಟ್ಟಾಯ್ತು. ಈಗ?

ಅಗಲ ನೋಡಿ. ಕೂದಲೆಳೆಯಂಥ ಬಿರುಕಿಗೆ ಎಮಲ್ಷನ್ ಸಾಕು. ಸುಮಾರು 3 ಮಿ.ಮೀ. ದಾಟಿದ್ದಕ್ಕೆ ರಬ್ಬರ್ ಅಥವಾ ಪಾಲಿಮರ್ ಸೇರಿಸಿದ, ಬಿಸಿ ಮಾಡಿ ಸುರಿಯುವ ಸೀಲೆಂಟ್ ಬೇಕು. ಬಿರುಕನ್ನು ಯಂತ್ರದಲ್ಲಿ ಸಣ್ಣ ಕಾಲುವೆಯಾಗಿ ಬಿಡಿಸಿ, ಕಂಪ್ರೆಸರ್ ಗಾಳಿಯಲ್ಲಿ ಧೂಳು ತೆಗೆದು, ಪೂರ್ತಿ ಒಣಗಿದ ಮೇಲೆ ರಸ್ತೆ ಮಟ್ಟಕ್ಕೆ ತುಂಬಿ. ಮೇಲೆ ಜಲ್ಲಿಪುಡಿ ಉದುರಿಸಿದರೆ ಟೈರ್‌ಗೆ ಅಂಟುವುದಿಲ್ಲ. ಬರೀ ವಿಜಿ–30 ಕಾಯಿಸಿ ಸುರಿಯುವುದು ಅಗ್ಗ, ಆದರೆ ಬೇಸಿಗೆಯಲ್ಲಿ ಉಬ್ಬಿ ಹರಿಯುತ್ತದೆ, ಚಳಿಯಲ್ಲಿ ಮತ್ತೆ ಬಿಟ್ಟುಕೊಳ್ಳುತ್ತದೆ. ಕರಾವಳಿಯಲ್ಲಿ ಈ ಕೆಲಸ ಮೇ ಒಳಗೆ ಮುಗಿಯಬೇಕು. ಜೂನ್ ಮೊದಲ ವಾರದಲ್ಲಿ ಕೆಲಸದ ಆದೇಶ ಕೈಗೆ ಬಂದರೆ ಅದನ್ನು ಅಕ್ಟೋಬರ್‌ಗೆ ಮುಂದೂಡಿ, ಒದ್ದೆ ಬಿರುಕಿಗೆ ಸುರಿದದ್ದು ನಿಲ್ಲುವುದಿಲ್ಲ. ನಿರ್ವಹಣೆಗೆ ಐಆರ್‌ಸಿ 82ರ ಈಗಿನ ಆವೃತ್ತಿ ಕೈಯಲ್ಲಿರಲಿ.

ಜಾಯಿಂಟ್ ಪೂರ್ತಿ ಪುಡಿಯಾಗಿದೆ. ಅಷ್ಟು ಅಗಲ ಕೆತ್ತಿ ಹೊಸದು ಹಾಕಿದರೆ?

ಹಾಕಬಹುದು, ಆದರೆ ಒಂದು ಜಾಯಿಂಟ್ ತೆಗೆದು ಎರಡು ಮಾಡಿದಿರಿ ಅನ್ನುವುದು ನೆನಪಿರಲಿ. ತೀರ ಕಿರಿದಾಗಿ ಕೆತ್ತಿದರೆ ರೋಲರ್ ಡ್ರಮ್ ಒಳಗೆ ಇಳಿಯುವುದಿಲ್ಲ, ಎರಡೂ ಕಡೆಯ ಹಳೇ ರಸ್ತೆಯ ಮೇಲೇ ಓಡುತ್ತದೆ. ನಿಮ್ಮ ಹತ್ತಿರ ಇರುವ ಸಣ್ಣ ರೋಲರ್ ಒಳಗೆ ಹಿಡಿಸುವಷ್ಟು ಅಗಲ ಕೆತ್ತಿ, ಎರಡು ಮುಖಕ್ಕೂ ಬಿಸಿ ಬಿಟುಮೆನ್ ಬಳಿಯಿರಿ.

## ಆಳಕ್ಕೆ ಇಳಿಯುವವರಿಗೆ

ಜಾಯಿಂಟ್ ಕೆಳಗೇ ಬಿಟುಮೆನ್ ಪಟ್ಟಿ ಹಾಕುವ ಪದ್ಧತಿ ಇದೆಯಂತೆ, ನಿಜನಾ?

ನಿಜ. ಅಮೆರಿಕದ ಇಲಿನಾಯ್ ರಾಜ್ಯ 2000ರ ದಶಕದ ಆರಂಭದಲ್ಲಿ ಇದನ್ನು ಪ್ರಯೋಗ ಮಾಡಿತು. ಮೇಲಿನ ಪದರ ಹಾಕುವ ಮೊದಲೇ, ಜಾಯಿಂಟ್ ಬರುವ ಜಾಗದಲ್ಲಿ ಸುಮಾರು 450 ಮಿ.ಮೀ. ಅಗಲಕ್ಕೆ ಪಾಲಿಮರ್ ಬೆರೆಸಿದ ಬಿಟುಮೆನ್ನನ್ನು ದಪ್ಪಗೆ ಹಾಸುತ್ತಾರೆ. ಮೇಲೆ ಬಿಸಿ ಮಿಕ್ಸ್ ಬಿದ್ದಾಗ ಅದು ಕರಗಿ ಸಂದುಗಳೊಳಗೆ ಮೇಲಕ್ಕೆ ಏರುತ್ತದೆ. ಡೆನ್ಸಿಟಿ ಕಡಿಮೆ ಬಂದರೂ ಸಂದು ತುಂಬಿರುವುದರಿಂದ ನೀರಿಗೆ ದಾರಿ ಇಲ್ಲ. ಮೇಲಿಂದ ಸೀಲ್ ಮಾಡುವ ಬದಲು ಕೆಳಗಿನಿಂದ ಸೀಲ್ ಮಾಡುವ ಉಪಾಯ. ಚೆನ್ನಾಗಿದೆ, ಆದರೆ ಟಿಪ್ಪರ್ ಚಕ್ರಕ್ಕೆ ಅಂಟದೆ ನಿಲ್ಲುವ ಬಿಟುಮೆನ್ ಬೇಕು, ಪ್ರಮಾಣ ಸರಿಯಾಗಿ ಬೀಳಿಸುವ ಯಂತ್ರ ಬೇಕು. ನಮ್ಮಲ್ಲಿ ಕತ್ತರಿಸಿ ಬಳಿಯುವ ಶಿಸ್ತೇ ಬರದೆ ಇದಕ್ಕೆ ಹಾರುವುದರಲ್ಲಿ ನನಗೆ ನಂಬಿಕೆ ಇಲ್ಲ.

ಜಾಯಿಂಟ್ ಹೀಟರ್ ತಂದರೆ ಕತ್ತರಿಸುವ ತಾಪತ್ರಯ ತಪ್ಪುತ್ತಾ?

ಮೋರ್ತ್ ಪ್ರಕಾರ ತಪ್ಪುತ್ತದೆ, ಒಪ್ಪಿಗೆ ಪಡೆದ ಹೀಟರ್ ಬಳಸಿದರೆ ಕತ್ತರಿಸುವುದೂ ಬಳಿಯುವುದೂ ಬೇಡ. ತೊಡಕು ಏನೆಂದರೆ ಶಾಖ ಆಳಕ್ಕೆ ಇಳಿಯಲು ಹೊತ್ತು ಬೇಕು, ಪೇವರ್ ಕಾಯುವುದಿಲ್ಲ. ಆತುರಕ್ಕೆ ಉರಿ ಜಾಸ್ತಿ ಮಾಡಿದರೆ ಮೇಲಿನ ಬಿಟುಮೆನ್ ಸುಡುತ್ತದೆ, ಒಳಗೆ ಇನ್ನೂ ತಣ್ಣಗೇ ಇರುತ್ತದೆ. ಹೊಗೆ ಕಂಡರೆ ನಿಲ್ಲಿಸಿ. ಗ್ಯಾಸ್ ಬರ್ನರ್ ಕೈಯಲ್ಲಿ ಹಿಡಿದು ಓಡುವುದನ್ನು ಜಾಯಿಂಟ್ ಹೀಟರ್ ಅಂತ ಬಿಲ್ ಮಾಡಬೇಡಿ.

ಎರಡು ಲೇನ್ ರಸ್ತೆಗೆ ಪಕ್ಕದಲ್ಲಿ ಸೇರಿಸಿ ಅಗಲ ಮಾಡಿದ್ದೀವಿ. ಸೇರಿದ ಕಡೆ ಬಿರುಕು. ಇದೂ ಅದೇ ರೋಗನಾ?

ಹೊರಗೆ ನೋಡಲು ಅದೇ, ಒಳಗೆ ಬೇರೆ. ಹಳೇ ರಸ್ತೆಯ ಮಣ್ಣು ವರ್ಷಗಟ್ಟಲೆ ಲಾರಿ ಓಡಿ ಕೂತಿರುತ್ತದೆ, ಹೊಸ ಮಣ್ಣು ಇನ್ನೂ ಕೂರುತ್ತಿರುತ್ತದೆ. ಹೊಸ ಭಾಗ ಇಳಿದಾಗ ಸೇರಿದ ಕಡೆ ಬಿಟ್ಟುಕೊಳ್ಳುತ್ತದೆ. ಹಳೇ ಏರಿಯ ಬದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹೊಸ ಮಣ್ಣನ್ನು ಅದಕ್ಕೆ ಹೆಣೆದ ಹಾಗೆ ಪದರ ಪದರವಾಗಿ ತುಂಬಿದ್ದರೆ ಇದು ಕಡಿಮೆ. ಸುಮ್ನೆ ಬದಿಗೆ ಮಣ್ಣು ಸುರಿದು ರೋಲ್ ಮಾಡಿದ್ದರೆ ಮೇಲೆ ಎಷ್ಟು ಒಳ್ಳೆಯ ಜಾಯಿಂಟ್ ಮಾಡಿದರೂ ಉಳಿಯುವುದಿಲ್ಲ. ಬಿರುಕಿನ ಎರಡು ಕಡೆ ಎತ್ತರ ವ್ಯತ್ಯಾಸ ಬೆಳೆಯುತ್ತಾ ಹೋಗುತ್ತಿದೆಯಾ ಅಂತ ಒಂದೆರಡು ತಿಂಗಳು ಅಳೆದು ನೋಡಿ. ಬೆಳೆಯುತ್ತಿದ್ದರೆ ಮಣ್ಣು, ನಿಂತಿದ್ದರೆ ಜಾಯಿಂಟ್.

ಲೇನ್ ಗೆರೆ, ಕ್ಯಾಟ್ ಐ ಎಲ್ಲ ಜಾಯಿಂಟ್ ಮೇಲೇ ಬರುತ್ತೆ. ತೊಂದರೆ ಇಲ್ವಾ?

ಥರ್ಮೋಪ್ಲಾಸ್ಟಿಕ್ ಗೆರೆಗೆ ತೊಂದರೆ ಇಲ್ಲ. ಸೀಲ್ ಮಾಡುವುದಿದ್ದರೆ ಗೆರೆ ಬಳಿಯುವ ಮೊದಲು ಮಾಡಿ, ಅಷ್ಟೇ. ರಾತ್ರಿ ಹೊಳೆಯುವ ಸ್ಟಡ್, ಅಂದರೆ ಕ್ಯಾಟ್ ಐ ವಿಷಯದಲ್ಲಿ ಎಚ್ಚರ ಬೇಕು. ಕಾಲು ಇರುವ ಸ್ಟಡ್‌ಗೆ ತೂತು ಕೊರೆಯುತ್ತಾರೆ. ಆ ತೂತು ನೇರ ಜಾಯಿಂಟ್ ಮೇಲೆ ಬಿದ್ದರೆ ಪ್ರತಿ ಸ್ಟಡ್ ಹತ್ತಿರ ಒಂದೊಂದು ನೀರಿನ ಬಾವಿ ತೋಡಿದ ಹಾಗೆ. ಸ್ವಲ್ಪ ಪಕ್ಕಕ್ಕೆ ಸರಿಸಿ, ತೂತಿಗೆ ಅಂಟು ಪೂರ್ತಿ ತುಂಬಿಸಿ.

ನಾವು ಟೆಂಡರ್ ಬರೆಯುವ ಕಡೆ ಇದ್ದೀವಿ. ಏನು ಸೇರಿಸಿದರೆ ಕೆಲಸ ಆಗುತ್ತೆ?

‘ಜಾಯಿಂಟ್ ಮೋರ್ತ್ ಪ್ರಕಾರ’ ಅನ್ನುವ ಸಾಲಿನಿಂದ ಏನೂ ಆಗುವುದಿಲ್ಲ, ಅದು ಎಲ್ಲ ಟೆಂಡರ್‌ನಲ್ಲೂ ಆಗಲೇ ಇದೆ. ಅಂಚು ಕತ್ತರಿಸಿ ಬಿಟುಮೆನ್ ಬಳಿಯುವುದಕ್ಕೆ ಮೀಟರ್ ಲೆಕ್ಕದಲ್ಲಿ ಬೇರೆ ದರ ಇಡಿ. ದರ ಇಲ್ಲದ ಕೆಲಸವನ್ನು ಕಾಂಟ್ರಾಕ್ಟರ್ ತನ್ನ ಜೇಬಿನಿಂದ ಮಾಡುವುದಿಲ್ಲ. ಮೊದಲ ದಿನದ ಟ್ರಯಲ್ ಪಟ್ಟಿಯಲ್ಲಿ ಜಾಯಿಂಟ್ ಕೂಡ ಇರಲೇಬೇಕು ಅಂತ ಬರೆಯಿರಿ. ಈಗ ಟ್ರಯಲ್ ಅಂದರೆ ಒಂದೇ ಪಟ್ಟಿ ಹಾಕಿ ಮುಗಿಸುತ್ತಾರೆ. ಜಾಯಿಂಟ್ ಕೋರ್ ಎಲ್ಲಿ, ಎಷ್ಟು ಮೀಟರಿಗೊಂದು ಅಂತ ಖಚಿತವಾಗಿ ಹೇಳಿ. ಜಾಗ ಆರಿಸುವವರು ಎಂಜಿನಿಯರ್ ಆಗಿರಲಿ, ಕಾಂಟ್ರಾಕ್ಟರ್ ಅಲ್ಲ. ಕೊನೆಯ ಬಿಲ್ಲಿಗೆ ಮುಂಚೆ ಒಂದು ಮಳೆಯ ಮರುದಿನ ಇಬ್ಬರೂ ಕೂಡಿ ನಡೆದು ನೋಡಿ, ಒದ್ದೆ ಉಳಿದ ಕಡೆಯೆಲ್ಲ ಕಾಂಟ್ರಾಕ್ಟರ್ ಖರ್ಚಿನಲ್ಲೇ ಸೀಲ್ ಮಾಡಿಕೊಡಬೇಕು ಅನ್ನುವ ಷರತ್ತನ್ನೂ ಹಾಕಿ.